ಮುಂದಿನ ಮನೆಗೆ ಹೋಗಪ್ಪಾ

ನಮ್ಮ ಹಳ್ಳಿಗಾಡಿನಲ್ಲಿ ಒಂದು ಕತೆ ಹೇಳುತ್ತಾರೆ. ಭಿಕ್ಷುಕನೊಬ್ಬ ಬಾಗಿಲಿಗೆ ಬಂದು ನಿಂತ. ಒಳಗಿದ್ದ ಸೊಸೆ ಹೊರಗೂ ಬಾರದೆ, 'ಏನೂ ಇಲ್ಲ, ಮುಂದಿನ ಮನೆಗೆ ಹೋಗಪ್ಪಾ' ಅಂದಳು. ಅವನು ಎರಡು ಮನೆ ದಾಟುವಷ್ಟರಲ್ಲಿ ನೀರಿನ ಕೊಡ ಹೊತ್ತ ಅತ್ತೆ ಎದುರಾದಳು. ವಿಷಯ ಕೇಳಿ ಅವಳಿಗೆ ಉರಿದುಹೋಯಿತು. 'ಇಲ್ಲ ಅನ್ನೋದಕ್ಕೆ ಅವಳ್ಯಾರು? ಬಾ ನನ್ನ ಜೊತೆ' ಎಂದು ಕರೆತಂದಳು. ಅವನು ಆಸೆಯಿಂದ ಜೋಳಿಗೆ ಬಿಚ್ಚಿಕೊಂಡು ನಿಂತ. ಅತ್ತೆ ಕೊಡ ಇಳಿಸಿ, ಸೆರಗು ಸರಿಮಾಡಿಕೊಂಡು, ಹೊಸಿಲ ಮೇಲೆ ನಿಂತು ಹೇಳಿದಳು: 'ಇಲ್ಲ. ಈಗ ಹೋಗು.'

ಕೇಳಿದವರೆಲ್ಲ ಅತ್ತೆಯ ಠೀವಿಗೆ ನಗುತ್ತಾರೆ. ಎರಡು ಮನೆ ಹಿಂದಕ್ಕೆ ನಡೆದು ಮತ್ತೆ ಬರಿಗೈಲಿ ಹೊರಟವನ ಪಾಡು ಕತೆ ಹೇಳುವವರಿಗೂ ಬೇಕಿಲ್ಲ, ಕೇಳುವವರಿಗೂ ಬೇಕಿಲ್ಲ. ಭಿಕ್ಷೆಯ ಬಗ್ಗೆ ನಾವು ಆಡುವ ಮಾತೂ ಬಹುಮಟ್ಟಿಗೆ ಇದೇ ಜಾಡಿನದು. ಕೊಟ್ಟರೆ ಸೋಮಾರಿತನ ಬೆಳೆಸಿದಂತಾಯಿತೇ, ಕೊಡದಿದ್ದರೆ ಪಾಪ ಸುತ್ತಿಕೊಳ್ಳುತ್ತದೆಯೇ, ದುಡ್ಡು ಕೊಡುವುದೋ ಬಿಸ್ಕತ್ತಿನ ಪೊಟ್ಟಣ ಕೊಡುವುದೋ? ಚರ್ಚೆಯೆಲ್ಲ ಕೊಡುವವರ ಮನಸ್ಸಿನ ನೆಮ್ಮದಿಯದು. ಜಗಲಿಯಲ್ಲಿ ನಿಂತವನು ಅದರೊಳಗೆ ಬರುವುದೇ ಇಲ್ಲ.

ಬೆಂಗಳೂರಿನ ಯಾವುದಾದರೂ ದೊಡ್ಡ ಸಿಗ್ನಲ್‌ನಲ್ಲಿ ನಿಂತು ನೋಡಿ. ಕೆಂಪು ದೀಪ ಬಿದ್ದದ್ದೇ ಕಾರುಗಳ ಗಾಜು ಮೇಲೇರುತ್ತದೆ, ಕಣ್ಣು ಮೊಬೈಲಿಗೆ ಇಳಿಯುತ್ತದೆ. ಗಾಜು ತಟ್ಟಿದರೆ ಒಳಗಿನಿಂದ ಬೆರಳುಗಳಷ್ಟೇ 'ಹೋಗು' ಎನ್ನುತ್ತವೆ. ಆಟೊಗೆ ಗಾಜಿಲ್ಲ. ಅದಕ್ಕೋ ಏನೋ, ನಾನು ಕಂಡಂತೆ ಚಾಲಕನ ಖಾಕಿ ಅಂಗಿಯ ಜೇಬಿನಿಂದ ನಾಣ್ಯ ಹೊರಬರುವಷ್ಟು ಸಲೀಸಾಗಿ ಹಿಂದಿನ ಸೀಟಿನವರ ಪರ್ಸಿನಿಂದ ಬರುವುದಿಲ್ಲ. ಅವನಿಗೂ ದಿನದ ಬಾಡಿಗೆ ಇದ್ದರುಂಟು ಇಲ್ಲದಿದ್ದರಿಲ್ಲ. ಬರಿಗೈಲಿ ಮನೆಗೆ ಹೋಗುವುದೆಂದರೇನು ಎಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕೊಡುವ ವಿಚಾರದಲ್ಲಿ ಒಂದೊಂದು ಮನೆಗೂ ಒಂದೊಂದು ಕಾನೂನಿದೆ. ಅಮಾವಾಸ್ಯೆಗೆ ಮಾತ್ರ, ಶನಿವಾರ ಆಂಜನೇಯನ ಗುಡಿ ಮುಂದೆ ಮಾತ್ರ ಎನ್ನುವವರಿದ್ದಾರೆ. ರಂಜಾನ್ ತಿಂಗಳಲ್ಲಿ ಜಕಾತ್‌ನ ಲೆಕ್ಕ ತೆಗೆದು ಮಸೀದಿ ಮೆಟ್ಟಿಲಲ್ಲಿ ಕೊಟ್ಟು, ಉಳಿದ ತಿಂಗಳು ಕೈ ಬಿಗಿ ಹಿಡಿಯುವವರಿದ್ದಾರೆ. ಮುದುಕರಿಗೆ ಕೊಡಬಹುದು, ವಯಸ್ಸಿನವರಿಗೆ ಕೂಡದು. ತಿಂಡಿ ಕೊಡಿಸಬಹುದು, ಕಾಸು ಕೊಡಬಾರದು. ಕೇಳದೆ ಸುಮ್ಮನೆ ಕೂತವರಿಗೆ ಕೊಡಬೇಕು, ಸೆರಗು ಹಿಡಿದು ಜಗ್ಗುವವರಿಗೆ ಕೊಡಬಾರದು. ಈ ಕಾನೂನುಗಳೆಲ್ಲ ಬೇರೆ ಬೇರೆಯಾಗಿ ಕಂಡರೂ ಒಂದು ಕೆಲಸವನ್ನು ಚೆನ್ನಾಗಿ ಮಾಡುತ್ತವೆ. ಎದುರಿಗಿರುವ ಮನುಷ್ಯನ ಮುಖ ನೋಡಿ ತೀರ್ಮಾನ ಮಾಡುವ ಕಷ್ಟವನ್ನು ತಪ್ಪಿಸುತ್ತವೆ. ಇವತ್ತು ಶುಕ್ರವಾರ, ಆದ್ದರಿಂದ ಇಲ್ಲ.

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಮಾತು 'ಕೈಕಾಲು ಗಟ್ಟಿಯಾಗಿದೆಯಲ್ಲ, ದುಡಿದು ತಿನ್ನೋಕೇನು' ಎಂಬುದು. ಇದಕ್ಕೆ ದೊಡ್ಡವರ ಬೆಂಬಲವೂ ಇದೆ. ಪ್ರಾಮಾಣಿಕವಾಗಿ ದುಡಿಯದ, ಮೈಯಲ್ಲಿ ಶಕ್ತಿಯಿರುವ ಮನುಷ್ಯನಿಗೆ ಪುಕ್ಕಟೆ ಊಟ ಹಾಕುವುದನ್ನು ತಮ್ಮ ಅಹಿಂಸೆ ಒಪ್ಪುವುದಿಲ್ಲ ಎಂದು ಗಾಂಧೀಜಿ ಬರೆದರು. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. ಊಟದ ಬದಲು ಚರಕ ಕೊಡಿ, ಕೆಲಸ ಕೊಡಿ ಎಂದರು. ನಾವು ಅವರ ಮಾತಿನ ಮೊದಲರ್ಧವನ್ನು ಇಟ್ಟುಕೊಂಡು ಎರಡನೆಯ ಅರ್ಧವನ್ನು ಬಿಟ್ಟಿದ್ದೇವೆ. ಇನ್ನೊಂದು ತುದಿಯಲ್ಲಿ ವಿವೇಕಾನಂದರಿದ್ದಾರೆ. ಕೊಟ್ಟ ಕಾಸಿನಲ್ಲಿ ಭಿಕ್ಷುಕ ಗಾಂಜಾ ಸೇದಿದರೆ ಏನು ಮಾಡುವುದೆಂದು ಒಬ್ಬರು ಕೇಳಿದಾಗ, ನಿಮ್ಮ ಒಂದು ಕಾಸಿನ ಬಗ್ಗೆ ಅಷ್ಟೇಕೆ ತಲೆ ಕೆಡಿಸಿಕೊಳ್ಳುತ್ತೀರಿ, ಕೊಡದಿದ್ದರೆ ಅವನು ಕದಿಯಬೇಕಾದೀತು ಎಂಬರ್ಥದಲ್ಲಿ ಉತ್ತರಿಸಿದ್ದರು. ಪರಿವ್ರಾಜಕರಾಗಿ ಕೈಯೊಡ್ಡಿ ದೇಶ ಸುತ್ತಿದವರ ಉತ್ತರ ಅದು. ಕೊಡುವ ಕೈಯಾಗಿಯಷ್ಟೇ ಬದುಕಿದವರಿಗೆ ಆ ಸಲಿಗೆ ಬರುವುದು ಕಷ್ಟ.

ಚಿಲ್ಲರೆಯ ವಿಚಾರಕ್ಕೂ ಬರಬೇಕು. 'ಚಿಲ್ಲರೆ ಇಲ್ಲ' ಎನ್ನುವುದು ಹಿಂದೆ ಮುಕ್ಕಾಲು ಪಾಲು ಸುಳ್ಳಾಗಿರುತ್ತಿತ್ತು. ಈಗ ಅದು ನಿಜವಾಗಿದೆ. ಸೊಪ್ಪಿನವಳಿಂದ ಎಳನೀರಿನವನವರೆಗೆ ಎಲ್ಲ ಕಡೆ ಫೋನ್ ತೋರಿಸಿ ದುಡ್ಡು ಕಳಿಸುವ ಊರಿನಲ್ಲಿ ಜೇಬಿನೊಳಗೆ ನಾಣ್ಯದ ಸದ್ದೇ ಇಲ್ಲ. ಗುಡಿಯ ಮುಂದೆ ಕೂರುವವರು ಹಿಂದೆ ಸಂಜೆಗೆ ಅಕ್ಕಪಕ್ಕದ ಅಂಗಡಿಗಳಿಗೆ ಚಿಲ್ಲರೆ ಒದಗಿಸುವವರಾಗಿದ್ದರು. ಬಿಡಿ ನಾಣ್ಯ ಕೊಟ್ಟು ನೋಟು ಪಡೆಯುವ ಅವರ ವ್ಯವಹಾರಕ್ಕೆ ಅಂಗಡಿಯವರೂ ಕಾಯುತ್ತಿದ್ದರು. ಆ ನಂಟು ಸಡಿಲಾಗಿದೆ. ಜೊತೆಗೆ ಹತ್ತು ರೂಪಾಯಿ ನಾಣ್ಯ ನಡೆಯುವುದಿಲ್ಲ ಎಂಬ ಪುಕಾರು ನಮ್ಮಲ್ಲಿ ವರ್ಷಗಟ್ಟಲೆ ಓಡಾಡಿತು. ರಿಸರ್ವ್ ಬ್ಯಾಂಕ್ ಮತ್ತೆ ಮತ್ತೆ ಸ್ಪಷ್ಟನೆ ಕೊಟ್ಟರೂ ಸಣ್ಣ ಊರಿನ ಅಂಗಡಿಗಳು ಒಪ್ಪಲಿಲ್ಲ. ಅಂಗಡಿಯಲ್ಲಿ ನಡೆಯದ ನಾಣ್ಯವನ್ನು ಜನ ಎಲ್ಲಿ ಹಾಕಿದರು ಎಂದು ಊಹಿಸಲು ಕಷ್ಟವಿಲ್ಲ: ಹುಂಡಿಗೆ, ಇಲ್ಲವೇ ಭಿಕ್ಷುಕರ ತಟ್ಟೆಗೆ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಬೇಡುವುದನ್ನು ಇಷ್ಟು ಬಗೆಯಲ್ಲಿ ಬೆಳೆಸಿದ ನಾಡು ಇನ್ನೊಂದಿದೆಯೋ ಇಲ್ಲವೋ. ಬೆಳಗಿನ ಜಾವಕ್ಕೆ ಬುಡಬುಡಿಕೆಯವನು ಶಕುನ ನುಡಿದು ಹೋಗುತ್ತಿದ್ದ. ಶಂಖ ಜಾಗಟೆಯ ದಾಸಯ್ಯ, ಕಿನ್ನರಿಯ ಜೋಗಿ, ಕಂಬಳಿ ಹೊದ್ದು ಡಮರುಗ ಹಿಡಿದ ಮೈಲಾರದ ಗೊರವಯ್ಯ, ಕೋಲೆ ಬಸವನವರು, ಹಗಲುವೇಷದವರು, ಸುಡುಗಾಡು ಸಿದ್ಧರು, ಪಡಲಿಗೆ ಹೊತ್ತ ಎಲ್ಲಮ್ಮನ ಜೋಗತಿಯರು. ಹೆಳವರು ಎತ್ತಿನ ಮೇಲೆ ಬಂದು ಮನೆತನದ ಹತ್ತು ತಲೆಮಾರಿನ ಹೆಸರು ಒಪ್ಪಿಸಿ ಕಾಳು ಒಯ್ಯುತ್ತಿದ್ದರು. ನೀಲಗಾರರೂ ಕಂಸಾಳೆಯವರೂ ಭಿಕ್ಷೆಗೆ ಹಾಡುತ್ತಾ ತಿರುಗಿದ್ದರಿಂದಲೇ ಮಂಟೇಸ್ವಾಮಿಯ ಕಾವ್ಯ, ಮಲೆ ಮಹದೇಶ್ವರನ ಕಾವ್ಯ ನಮ್ಮ ಕಾಲದವರೆಗೆ ಬಂದವು. ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳು ಪುಸ್ತಕ ಮಾಡಿದ್ದು ಆ ಜೋಳಿಗೆಯಿಂದ ಎತ್ತಿಕೊಂಡದ್ದನ್ನೇ.

ಸ್ಥಿತಿವಂತರೂ ಬೇಡುತ್ತಿದ್ದರು. ಹಳೆ ಮೈಸೂರು ಸೀಮೆಯಲ್ಲಿ ಶ್ರಾವಣ ಶನಿವಾರ ಬಂತೆಂದರೆ ಮಕ್ಕಳಿಗೆ ನಾಮ ಹಾಕಿ, ಕೈಗೆ ತಂಬಿಗೆ ಕೊಟ್ಟು, ಗೋವಿಂದನ ಹೆಸರಲ್ಲಿ ಬೀದಿ ಸುತ್ತಿಸುವ ಪದ್ಧತಿ ಈಗಲೂ ಅಲ್ಲಲ್ಲಿ ಉಳಿದಿದೆ. ಮುಂಜಿಯಾದ ವಟು ಮೊದಲು ಕೈಯೊಡ್ಡುವುದು ತಾಯಿಯ ಮುಂದೆ. ಹರಿದಾಸರಿಗೆ ಯಾಯಿವಾರವಿತ್ತು, ಬಡ ವಿದ್ಯಾರ್ಥಿಗಳಿಗೆ ವಾರಾನ್ನವಿತ್ತು. ಎಸ್. ಎಲ್. ಭೈರಪ್ಪನವರು ತಮ್ಮ ಆತ್ಮಕಥೆ 'ಭಿತ್ತಿ'ಯಲ್ಲಿ ಇಂಥ ದಿನಗಳನ್ನು ಬರೆದಿದ್ದಾರೆ. ಮಠಗಳ ಸ್ವಾಮಿಗಳು ಜೋಳಿಗೆ ಹಿಡಿದು ಊರೂರು ತಿರುಗಿ ವಿದ್ಯಾರ್ಥಿ ನಿಲಯಗಳಿಗೆ ಧಾನ್ಯ ತಂದರು. ಇಳಕಲ್ಲಿನ ಮಹಾಂತ ಸ್ವಾಮಿಗಳಂತೂ ಅದೇ ಜೋಳಿಗೆ ಚಾಚಿ ಜನರ ಕುಡಿತ, ಬೀಡಿ, ತಂಬಾಕಿನ ಚಟಗಳನ್ನು ಭಿಕ್ಷೆ ಕೇಳಿದರು.

ಇಷ್ಟೆಲ್ಲ ಇದ್ದ ನಾಡಿನಲ್ಲಿ ಬಸವಣ್ಣನವರ ಕಾಲದ ಶರಣರು ಬೇರೆಯದೇ ಲೆಕ್ಕ ಹಾಕಿದರು. ಎಲ್ಲರೂ ಕಾಯಕ ಮಾಡಬೇಕು, ಜಂಗಮನಿಗೂ ಅದರಿಂದ ಬಿಡುಗಡೆಯಿಲ್ಲ, ದುಡಿದದ್ದು ದಾಸೋಹಕ್ಕೆ. ಆಯ್ದಕ್ಕಿ ಮಾರಯ್ಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ, ಅಗತ್ಯಕ್ಕಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಹಿಂದಕ್ಕೆ ಕಳಿಸಿದಳು ಎಂಬ ಕತೆ ಎಲ್ಲರಿಗೂ ಗೊತ್ತು. ದಾಸೋಹದ ಪಂಕ್ತಿಯಲ್ಲಿ ಬಡಿಸುವವನು ಯಾರು ಬಡವ, ಯಾರು ಸೋಮಾರಿ ಎಂದು ಕೇಳುವುದಿಲ್ಲ. ಎಲೆ ಹಾಕಿದ ಮೇಲೆ ಎಲ್ಲರಿಗೂ ಒಂದೇ ಸಾರು. ಧರ್ಮಸ್ಥಳದಲ್ಲೋ ಸಿದ್ಧಗಂಗೆಯಲ್ಲೋ ಉಂಡವರು ತಾವು ಬೇಡಿ ತಿಂದೆವು ಎಂದು ತಿಳಿಯುವುದಿಲ್ಲ. ಅದೇ ಊಟವನ್ನು ಹೊರಗಿನ ರಸ್ತೆಯಲ್ಲಿ ಕೈಯೊಡ್ಡಿ ಪಡೆದರೆ ಮನುಷ್ಯನ ಬೆಲೆ ಬೇರೆಯಾಗುತ್ತದೆ. ಹಾಗಾದರೆ ಸಮಾಜಕ್ಕೆ ಕಸಿವಿಸಿ ಪುಕ್ಕಟೆ ಅನ್ನದಿಂದಲ್ಲ, ಮುಖಾಮುಖಿಯಿಂದ. ಆಗಸ್ಟ್ 2017ರಲ್ಲಿ ಶುರುವಾದ ಇಂದಿರಾ ಕ್ಯಾಂಟೀನು 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಎಂದು ಬೆಲೆ ಇಟ್ಟದ್ದು ಈ ದೃಷ್ಟಿಯಿಂದ ಜಾಣತನ. ಹತ್ತು ರೂಪಾಯಿ ಕೊಟ್ಟವನು ಗಿರಾಕಿಯಾಗುತ್ತಾನೆ, ಯಾರ ಮುಂದೆಯೂ ತನ್ನ ಬಡತನ ಒಪ್ಪಿಸಬೇಕಾಗಿಲ್ಲ.

ಕಾನೂನು ಈ ಎಲ್ಲ ಬಗೆಗಳ ಮೇಲೆ ಒಂದೇ ಬಲೆ ಬೀಸಿತು. ಮೈಸೂರು ಸಂಸ್ಥಾನದಲ್ಲಿ 1944ರಲ್ಲೇ ಭಿಕ್ಷಾಟನೆ ನಿಷೇಧದ ಕಾಯಿದೆ ಬಂದಿತ್ತು. ಏಕೀಕರಣದ ನಂತರ ಇಡೀ ರಾಜ್ಯಕ್ಕೆ ಕರ್ನಾಟಕ ಭಿಕ್ಷಾಟನೆ ನಿಷೇಧ ಅಧಿನಿಯಮ, 1975 ಬಂತು. ಅದರ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಕೈಯೊಡ್ಡುವುದಷ್ಟೇ ಭಿಕ್ಷಾಟನೆಯಲ್ಲ. ಹಾಡುವ, ಕುಣಿಯುವ, ಏನೋ ಮಾರುವ ನೆಪದಲ್ಲಿ ಕಾಸು ಪಡೆಯುವುದೂ ಅದರಲ್ಲಿ ಬರುತ್ತದೆ. ಗಾಯ, ಊನ ತೋರಿಸಿ ಬೇಡುವುದೂ ಬರುತ್ತದೆ. ಕಣ್ಣಿಗೆ ಕಾಣುವಂಥ ಜೀವನೋಪಾಯವಿಲ್ಲದೆ ಅಲೆದಾಡುವುದು ಕೂಡ ಬರುತ್ತದೆ. ಧಾರ್ಮಿಕ ವ್ರತಕ್ಕೆ, ಸಂಪ್ರದಾಯಕ್ಕೆ ಭಿಕ್ಷೆ ಎತ್ತುವವರಿಗೆ ವಿನಾಯಿತಿಯುಂಟು. ಚೌಡಿಕೆ ಮೀಟುತ್ತ ಬಸ್ ನಿಲ್ದಾಣದಲ್ಲಿ ನಿಂತ ಜೋಗತಿ ಇದರಲ್ಲಿ ಯಾವ ಕಡೆಗೆ? ಅದನ್ನು ಹಿಡಿಯಲು ಬಂದವನ ಮರ್ಜಿ ತೀರ್ಮಾನಿಸುತ್ತದೆ. ಮಂಜಮ್ಮ ಜೋಗತಿ ತಾವು ಭಿಕ್ಷೆ ಬೇಡಿ ಬದುಕಿದ ದಿನಗಳನ್ನು ಎಲ್ಲೂ ಮುಚ್ಚಿಟ್ಟಿಲ್ಲ. ಮುಂದೆ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಕಾನೂನಿನ ಅಕ್ಷರ ಹಿಡಿದು ಹೊರಟಿದ್ದರೆ ಆ ದಿನಗಳಲ್ಲಿ ಅವರನ್ನು ವ್ಯಾನಿಗೆ ಹತ್ತಿಸಬಹುದಿತ್ತು.

ವ್ಯಾನು ಹೋಗುತ್ತಿದ್ದದ್ದು ಬೆಂಗಳೂರಿನ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ. ಸುತ್ತಲಿನವರಿಗೆ, ಸಿಟಿ ಬಸ್ಸಿನ ಕಂಡಕ್ಟರಿಗೆ ಅದು ಬೆಗ್ಗರ್ಸ್ ಕಾಲೋನಿ. ಮೈಸೂರು, ಮಂಗಳೂರಿನ ಪಚ್ಚನಾಡಿ ಹೀಗೆ ಬೇರೆ ಕಡೆಗಳಲ್ಲೂ ಕೇಂದ್ರಗಳಿವೆ. ಸಮಾಜ ಕಲ್ಯಾಣ ಇಲಾಖೆಯ ಅಡಿ ಬರುವ ಕೇಂದ್ರ ಪರಿಹಾರ ಸಮಿತಿ ಇವುಗಳನ್ನು ನಡೆಸುತ್ತದೆ. ಹಿಡಿದು ತಂದವರನ್ನು ಮ್ಯಾಜಿಸ್ಟ್ರೇಟರ ಆದೇಶದ ಮೇಲೆ ಇಲ್ಲಿ ಇಟ್ಟುಕೊಂಡು, ಅನ್ನ, ಬಟ್ಟೆ, ಔಷಧಿ ಕೊಟ್ಟು, ಒಂದು ಕೆಲಸ ಕಲಿಸಿ ಕಳಿಸಬೇಕೆಂಬುದು ಉದ್ದೇಶ. ಕಾಗದದ ಮೇಲೆ ಇದರಲ್ಲಿ ತಪ್ಪು ಹುಡುಕುವುದು ಕಷ್ಟ.

ಆಗಸ್ಟ್ 2010ರಲ್ಲಿ ಮಾಗಡಿ ರಸ್ತೆಯ ಆ ಗೇಟಿನೊಳಗೆ ಕೆಲವೇ ದಿನಗಳ ಅಂತರದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ವಾಂತಿ, ಭೇದಿ. ಪತ್ರಿಕೆಗಳು ಕೆದಕಿದಾಗ ಸಾವು ಆ ವಾರದಲ್ಲಿ ಶುರುವಾದದ್ದಲ್ಲ, ತಿಂಗಳುಗಳಿಂದ ನಡೆಯುತ್ತಲೇ ಇತ್ತು, ನೂರಾರು ಜನ ಆ ವರ್ಷವೇ ತೀರಿಕೊಂಡಿದ್ದರು ಎಂಬುದು ಹೊರಬಿತ್ತು. ಸಾಮರ್ಥ್ಯ ಮೀರಿ ತುಂಬಿದ ಕೋಣೆಗಳು, ಕೊಳಕು, ವೈದ್ಯರ ಕೊರತೆ. ಒಳಗಿದ್ದವರಲ್ಲಿ ಮಾನಸಿಕ ಕಾಯಿಲೆಯವರು, ವೃದ್ಧರು ಇದ್ದರು. ಕೂಲಿ ಹುಡುಕಿಕೊಂಡು ನಗರಕ್ಕೆ ಬಂದು, ಬಸ್ ನಿಲ್ದಾಣದಲ್ಲಿ ಮಲಗಿದ್ದ ತಪ್ಪಿಗೆ ಸಿಕ್ಕಿಬಿದ್ದವರೂ ಇದ್ದರು. ಸಮಾಜ ಕಲ್ಯಾಣ ಸಚಿವರಾಗಿದ್ದ ಡಿ. ಸುಧಾಕರ್ ಆ ಖಾತೆ ಬಿಡಬೇಕಾಯಿತು. ಗೋಡೆಗೆ ಸುಣ್ಣ ಬಳಿಯಲಾಯಿತು, ವೈದ್ಯರ ತಂಡಗಳು ಬಂದವು, ನಂತರದ ವರ್ಷಗಳಲ್ಲಿ ಪರಿಸ್ಥಿತಿ ಸುಧಾರಿಸಿತು ಎನ್ನುವವರಿದ್ದಾರೆ. ಆದರೆ ಅಷ್ಟು ಜನ ಸರ್ಕಾರಿ ಆಸರೆಯಲ್ಲೇ ಸಾಯುವವರೆಗೂ ಊರಿಗೆ ಗೊತ್ತಾಗಲಿಲ್ಲವಲ್ಲ, ಯಾಕೆ? ಅವರು ಕಣ್ಣೆದುರಿಗಿಲ್ಲ ಎಂಬುದೇ ಊರಿಗೆ ಬೇಕಾಗಿತ್ತು. ಕಾನೂನು ಅದನ್ನು ಚೆನ್ನಾಗಿ ಮಾಡಿಕೊಟ್ಟಿತ್ತು.

ಆ ಕೇಂದ್ರಕ್ಕೆ ದುಡ್ಡು ಕೊಡುವವರು ನಾವೇ ಎಂಬುದನ್ನು ಎಷ್ಟು ಜನ ಗಮನಿಸಿದ್ದಾರೋ. ಮನೆಯ ಆಸ್ತಿ ತೆರಿಗೆಯ ರಸೀದಿ ತೆಗೆದು ನೋಡಿ. ಬೆಂಗಳೂರಿನ ಪಾಲಿಕೆ ವರ್ಷಗಟ್ಟಲೆ ತೆರಿಗೆಯ ಮೇಲೆ ಶೇಕಡಾ 24ರಷ್ಟು ಉಪಕರ ಹಾಕುತ್ತಿತ್ತು: ಆರೋಗ್ಯಕ್ಕೆ 15, ಗ್ರಂಥಾಲಯಕ್ಕೆ 6, ಭಿಕ್ಷುಕರಿಗೆ 3. ಬೇರೆ ನಗರಸಭೆ, ಪುರಸಭೆಗಳಲ್ಲೂ, ಗ್ರಾಮ ಪಂಚಾಯಿತಿಯ ರಸೀದಿಯಲ್ಲೂ ಭಿಕ್ಷುಕರ ಕರದ ಸಾಲು ಇರುತ್ತದೆ. 1975ರ ಕಾಯಿದೆಯೇ ಇದಕ್ಕೆ ಆಧಾರ. ಐದು ಸಾವಿರ ರೂಪಾಯಿ ತೆರಿಗೆ ಕಟ್ಟುವ ಮನೆಯವರು ಪ್ರತಿವರ್ಷ 150 ರೂಪಾಯಿಯನ್ನು ಭಿಕ್ಷುಕರ ಹೆಸರಿನಲ್ಲಿ ಕೊಟ್ಟಿರುತ್ತಾರೆ. ಕೊಟ್ಟಿದ್ದೇವೆ ಎಂಬುದೇ ಅವರಿಗೆ ಗೊತ್ತಿರುವುದಿಲ್ಲ. ಸಿಗ್ನಲ್‌ನಲ್ಲಿ ಐದು ರೂಪಾಯಿ ಕೊಡುವಾಗ ಅದು ಸಾರಾಯಿಗೆ ಹೋಗುತ್ತದೋ, ಯಾವನೋ ದಾದನ ಜೇಬು ಸೇರುತ್ತದೋ ಎಂದು ಪತ್ತೇದಾರಿ ಮಾಡುವವರು ಈ 150 ರೂಪಾಯಿ ಎಲ್ಲಿಗೆ ಹೋಯಿತು ಎಂದು ಒಂದು ಸಲವೂ ಕೇಳುವುದಿಲ್ಲ. ಸ್ಥಳೀಯ ಸಂಸ್ಥೆಗಳು ಹೀಗೆ ವಸೂಲಿ ಮಾಡಿದ್ದನ್ನು ಸಮಿತಿಗೆ ಪೂರ್ತಿ ದಾಟಿಸುವುದಿಲ್ಲ, ಬಾಕಿ ಕೋಟಿಗಳಲ್ಲಿ ಉಳಿಯುತ್ತದೆ ಎಂಬ ದೂರು ಹಳೆಯದು. ಸರ್ಕಾರವೇ ಹಲವು ಸಲ ಪಾಲಿಕೆಗಳಿಗೆ ನೆನಪೋಲೆ ಬರೆದಿದೆ. ಭಿಕ್ಷುಕರ ಪಾಲಿನದನ್ನು ಮಧ್ಯದವರು ಇಟ್ಟುಕೊಳ್ಳುತ್ತಾರೆಂಬ ನಮ್ಮ ಗುಮಾನಿ ಸುಳ್ಳಲ್ಲ. ಹುಡುಕುವ ಜಾಗ ಮಾತ್ರ ತಪ್ಪು.

ದಾದನ ಮಾತು ಬಂದದ್ದರಿಂದ ಆ ವಿಚಾರಕ್ಕೂ ಬರೋಣ. ಭಿಕ್ಷಾಟನೆ ಎಂದರೆ ಮಾಫಿಯಾ ಎಂಬ ನಂಬಿಕೆ ಸಿನಿಮಾಗಳಿಂದ ಗಟ್ಟಿಯಾಗಿದೆ. ಸತ್ತ ಭಿಕ್ಷುಕನ ಗಂಟಿನಲ್ಲಿ ಲಕ್ಷ ಸಿಕ್ಕಿತು ಎಂಬ ಸುದ್ದಿ ವರ್ಷಕ್ಕೊಮ್ಮೆಯಾದರೂ ಬರುತ್ತದೆ, ಬಂದದ್ದು ಹತ್ತು ವರ್ಷ ನೆನಪಿನಲ್ಲಿ ಉಳಿಯುತ್ತದೆ. ಬ್ಯಾಂಕಿಗೆ ಹೋಗಲಾರದ, ವಿಳಾಸವಿಲ್ಲದ ಮನುಷ್ಯ ಉಳಿಸಿದ್ದನ್ನು ಗಂಟಿನಲ್ಲಲ್ಲದೆ ಬೇರೆಲ್ಲಿ ಇಡಬೇಕು? ಕರಾವಳಿಯಲ್ಲಿ ದೇವಸ್ಥಾನಗಳ ಮುಂದೆ ಕೂತು ಬೇಡಿದ್ದನ್ನು ಕೂಡಿಟ್ಟು, ಒಂದು ಲಕ್ಷ ರೂಪಾಯಿಯನ್ನು ಅನ್ನದಾನಕ್ಕೇ ತಂದೊಪ್ಪಿಸಿದ ಅಜ್ಜಿಯೊಬ್ಬರ ಸುದ್ದಿ ಕೆಲವು ವರ್ಷಗಳ ಹಿಂದೆ ಬಂದಿತ್ತು. ಓದಿದವರೆಲ್ಲ ಬೆರಗಾದರು. ಬೇಡುವವರಿಗೂ ದಾನ ಮಾಡುವ ಆಸೆ ಇರಬಹುದೆಂದು ನಮಗೆ ಹೊಳೆದೇ ಇರಲಿಲ್ಲ.

2011ರ ಜನಗಣತಿಯಲ್ಲಿ ದೇಶದಲ್ಲಿ ಭಿಕ್ಷುಕರು ಮತ್ತು ಅಲೆಮಾರಿಗಳೆಂದು ಲೆಕ್ಕಕ್ಕೆ ಸಿಕ್ಕವರು ಸುಮಾರು 4 ಲಕ್ಷ 13 ಸಾವಿರ. ಪಶ್ಚಿಮ ಬಂಗಾಳದಲ್ಲಿ 81 ಸಾವಿರ, ಕರ್ನಾಟಕದಲ್ಲಿ 12 ಸಾವಿರದಷ್ಟು. ಬೀದಿಯಲ್ಲಿ ಇರುವವರನ್ನು ಎಣಿಸುವುದು ಕಷ್ಟವೆಂದು ಇದನ್ನು ದುಪ್ಪಟ್ಟು ಮಾಡಿಕೊಂಡರೂ ಆರು ಕೋಟಿ ದಾಟಿದ ರಾಜ್ಯಕ್ಕೆ ಅದು ಹೊರಲಾರದ ಭಾರವೇನಲ್ಲ. ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ 'ಕೋಶಿಶ್' ಯೋಜನೆ 2006ರಿಂದ ಮುಂಬೈಯ ಭಿಕ್ಷುಕರ ಗೃಹದಲ್ಲಿ ಕೆಲಸ ಮಾಡುತ್ತಾ ಬಂದಿದೆ. ಅಂಥವರು ಹೇಳುವುದು ಸಿನಿಮಾಕ್ಕೆ ಆಗದ ಸಪ್ಪೆ ಸತ್ಯ: ಒಳಗಿರುವವರಲ್ಲಿ ಹೆಚ್ಚಿನವರು ಮನೆಯಿಲ್ಲದವರು, ಕಾಯಿಲೆಯವರು, ಬಿಡಿ ಕೂಲಿಯವರು, ಮನೆಯವರು ಕೈಬಿಟ್ಟವರು. ಕೆಲಸ ಸಿಕ್ಕ ದಿನ ದುಡಿಯುತ್ತಾರೆ, ಸಿಗದ ದಿನ ಬೇಡುತ್ತಾರೆ.

ಮಕ್ಕಳ ವಿಚಾರ ಮಾತ್ರ ಬೇರೆ. ಇಲ್ಲಿ ನನಗೆ ಎರಡು ಮನಸ್ಸಿಲ್ಲ. ಮಗುವಿನ ಕೈಗೆ ದುಡ್ಡು ಕೊಡಬಾರದು. ಕಂಕುಳಲ್ಲಿ ನಿದ್ದೆಗೆ ಬಿದ್ದ ಕೂಸು ಬಿಸಿಲಿನಲ್ಲಿ ಗಂಟೆಗಟ್ಟಲೆ ಕದಲದಿದ್ದರೆ ಅನುಮಾನ ಬರಲೇಬೇಕು. ಹತ್ತು ವರ್ಷದ ಹುಡುಗಿ ದುಡಿಯುವಷ್ಟು ಕಾಲ ಯಾರೂ ಅವಳನ್ನು ಶಾಲೆಗೆ ಕಳಿಸುವುದಿಲ್ಲ. ಬಾಲನ್ಯಾಯ ಕಾಯಿದೆ, 2015ರ ಪ್ರಕಾರ ಮಗುವನ್ನು ಭಿಕ್ಷೆಗೆ ಹಚ್ಚುವವರಿಗೆ ಐದು ವರ್ಷದವರೆಗೆ ಸಜೆ, ಒಂದು ಲಕ್ಷ ದಂಡ. ಭಿಕ್ಷೆಗಾಗಿ ಅಂಗ ಊನ ಮಾಡಿದರೆ ಏಳರಿಂದ ಹತ್ತು ವರ್ಷ. ಕಾಯಿದೆ ಸಾಲದು ಎನ್ನುವಂತಿಲ್ಲ. ಆದರೆ ಮಗುವನ್ನು ಹಿಡಿದು ತಾಯಿಯನ್ನು ಬೇರೆ ಕೇಂದ್ರಕ್ಕೆ ಕಳಿಸುವ ನಮ್ಮ ಕಾರ್ಯಾಚರಣೆಗಳು ಎಷ್ಟೋ ಸಲ ಗೊಂಬೆ, ಬಲೂನು ಮಾರುವ ಅಲೆಮಾರಿ ಕುಟುಂಬಗಳನ್ನು ಒಡೆದಿವೆ. 1098ಕ್ಕೆ ಫೋನ್ ಮಾಡುವುದು ಸರಿಯಾದ ದಾರಿ. ಮಾಡಿದ ಮೇಲೆ ಹತ್ತು ನಿಮಿಷ ಅಲ್ಲೇ ನಿಲ್ಲಬೇಕಾಗುತ್ತದೆ, ಹಸಿರು ದೀಪ ಬಿದ್ದರೂ.

ಮಂಗಳಮುಖಿಯರ ಮುಂದೆ ನಮ್ಮ ನಡವಳಿಕೆ ತಿರುಗುಮುರುಗು. ಅಲ್ಲಿ ಕರುಣೆಗಿಂತ ಹೆದರಿಕೆ ಜಾಸ್ತಿ. ಶಾಪ ಹಾಕಿಯಾರೆಂದು ಕೊಡುವವರು, ಮದುವೆ ಮನೆಗೋ ಅಂಗಡಿ ಪೂಜೆಗೋ ಹರಸಲಿ ಎಂದು ಕರೆದು ಕೊಡುವವರು, ಟೋಲ್ ಗೇಟಿನಲ್ಲಿ ಮುಖ ತಿರುಗಿಸುವವರು ಎಲ್ಲರೂ ಒಬ್ಬರೇ. ಅವರನ್ನು ಮನೆಗೆಲಸಕ್ಕೂ ಕರೆಯದ, ಬಾಡಿಗೆಗೆ ಮನೆಯನ್ನೂ ಕೊಡದ ಊರು ಚಪ್ಪಾಳೆ ತಟ್ಟುವುದೊಂದನ್ನೇ ಅವರಿಗೆ ಉಳಿಸಿದೆ. 2021ರಲ್ಲಿ ಕರ್ನಾಟಕ ಸರ್ಕಾರಿ ನೌಕರಿಯಲ್ಲಿ ಶೇಕಡಾ 1 ಮೀಸಲಾತಿ ತಂದದ್ದು ದೇಶದಲ್ಲೇ ಮೊದಲು. ಸಿಗ್ನಲ್‌ನಲ್ಲಿ ನಿಲ್ಲುವವರ ತನಕ ಅದು ಇಳಿದು ಬರಲು ಮೊದಲು ಓದು ಇಳಿದು ಬರಬೇಕು.

ನ್ಯಾಯಾಲಯಗಳು ಸಮಾಜಕ್ಕಿಂತ ಬೇಗ ಬದಲಾದವು. 8 ಆಗಸ್ಟ್ 2018ರಂದು ದೆಹಲಿ ಹೈಕೋರ್ಟ್, ಅಲ್ಲಿ ಜಾರಿಯಲ್ಲಿದ್ದ 1959ರ ಬಾಂಬೆ ಭಿಕ್ಷಾಟನೆ ತಡೆ ಕಾಯಿದೆಯ 25 ಕಲಮುಗಳನ್ನು ಹೊಡೆದುಹಾಕಿತು. ಜನ ಬೇಡುವುದು ಇಷ್ಟಪಟ್ಟಲ್ಲ, ಬೇರೆ ದಾರಿಯಿಲ್ಲದೆ. ಅವರಿಗೆ ಬದುಕಲು ಬೇಕಾದದ್ದನ್ನು ಒದಗಿಸದ ಸರ್ಕಾರ ಅದನ್ನೇ ಅಪರಾಧವೆನ್ನುವುದು ಸಂವಿಧಾನಕ್ಕೆ ಒಗ್ಗುವುದಿಲ್ಲ ಎಂಬುದು ತೀರ್ಪಿನ ತಿರುಳು. ಮರುವರ್ಷ ಜಮ್ಮು ಮತ್ತು ಕಾಶ್ಮೀರ ಹೈಕೋರ್ಟ್ ತನ್ನ ರಾಜ್ಯದ ಕಾಯಿದೆಯನ್ನೂ ರದ್ದು ಮಾಡಿತು. ಕೋವಿಡ್ ಕಾಲದಲ್ಲಿ ಭಿಕ್ಷುಕರನ್ನು ರಸ್ತೆಯಿಂದ ತೆರವು ಮಾಡಬೇಕೆಂಬ ಮನವಿ 2021ರಲ್ಲಿ ಬಂದಾಗ ಸುಪ್ರೀಂ ಕೋರ್ಟ್, ಇದನ್ನು ಉಳ್ಳವರ ಕಣ್ಣಿನಿಂದ ನೋಡಲಾರೆ ಎಂದಿತು. ಅವರಿಗೆ ಲಸಿಕೆ, ಪುನರ್ವಸತಿ ಏನು ಮಾಡಿದ್ದೀರಿ ಎಂದು ಸರ್ಕಾರವನ್ನು ಕೇಳಿತು. ಫೆಬ್ರವರಿ 2022ರಲ್ಲಿ ಕೇಂದ್ರ ಸರ್ಕಾರ 'ಸ್ಮೈಲ್' ಯೋಜನೆ ತಂದು, ಪುನರ್ವಸತಿ ಎಂಬ ಮಾತನ್ನು ಮುಂದಿಟ್ಟಿತು. ನಮ್ಮ 1975ರ ಕಾಯಿದೆ ಮಾತ್ರ ಇದ್ದಲ್ಲೇ ಇದೆ.

ಇತ್ತ ಆಡಳಿತಗಳು ಇನ್ನೊಂದು ಉಪಾಯ ಕಂಡುಕೊಂಡಿವೆ. 1 ಜನವರಿ 2025ರಿಂದ ಇಂದೋರ್‌ನಲ್ಲಿ ಭಿಕ್ಷೆ ಕೊಡುವವರ ಮೇಲೇ ಕೇಸು. ಬೇಡುವವರ ಸುಳಿವು ಕೊಟ್ಟವರಿಗೆ ಸಾವಿರ ರೂಪಾಯಿ ಬಹುಮಾನ. ಗುಡಿಯ ಬಳಿ ಹತ್ತು ರೂಪಾಯಿ ಕೊಟ್ಟವನೊಬ್ಬನ ಮೇಲೆ ಆ ತಿಂಗಳೇ ಎಫ್‌ಐಆರ್ ಆಯಿತು. ಫೆಬ್ರವರಿಯಲ್ಲಿ ಭೋಪಾಲವೂ ಅದೇ ಹಾದಿ ಹಿಡಿಯಿತು. ಇಂದೋರಿನ ಅಧಿಕಾರಿಗಳು ಮೊದಲು ತಿಂಗಳುಗಟ್ಟಲೆ ಪುನರ್ವಸತಿಗೆ ಪ್ರಯತ್ನಿಸಿದರು, ಮಕ್ಕಳನ್ನು ಶಾಲೆಗೆ ಸೇರಿಸಿದರು ಎಂಬುದನ್ನು ಮರೆಯಬಾರದು. ಆದರೂ ಹಸಿದವನಿಗೆ ಹತ್ತು ರೂಪಾಯಿ ಕೊಟ್ಟದ್ದಕ್ಕೆ ಠಾಣೆ ಹತ್ತಬೇಕಾದ ಊರು ಸ್ವಚ್ಛತೆಯಲ್ಲಿ ಎಷ್ಟೇ ಬಹುಮಾನ ಗೆದ್ದರೂ ನನಗೆ ಅಲ್ಲಿ ಮನೆ ಮಾಡುವ ಆಸೆ ಹುಟ್ಟುವುದಿಲ್ಲ.

ಕೊಡುವುದರಿಂದ ಬಡತನ ಹೋಗುವುದಿಲ್ಲ, ನಿಜ. ಕೊಡದಿದ್ದರೂ ಹೋಗುವುದಿಲ್ಲ. ಐದು ರೂಪಾಯಿ ಆ ಹೊತ್ತಿನ ಒಂದು ಟೀಗೂ ಸಾಲದು, ಅದಕ್ಕಿಂತ ದೊಡ್ಡ ಅರ್ಥವನ್ನು ಅದರ ಮೇಲೆ ಹೊರಿಸಬೇಕಾಗಿಲ್ಲ. ಕೊಡುವ ಮನಸ್ಸಾದರೆ ಕೊಟ್ಟುಬಿಡಬೇಕು, ಉಪದೇಶ ಸೇರಿಸಬಾರದು. ಮನಸ್ಸಿಲ್ಲದಿದ್ದರೆ ಮುಖ ನೋಡಿ 'ಇಲ್ಲಪ್ಪಾ' ಎನ್ನಬೇಕು. ಮುದುಕಿಯೊಬ್ಬಳಿಗೆ ಬೇಕಾದದ್ದು ಬೇರೆ. ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ, ದಿನಕ್ಕೆ ನಲವತ್ತು. ಅದನ್ನು ಪಡೆಯಲು ಆಧಾರ್ ಬೇಕು, ವಯಸ್ಸಿನ ದಾಖಲೆ ಬೇಕು, ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರ ಬೇಕು, ಬ್ಯಾಂಕಿನಲ್ಲೋ ಅಂಚೆಯಲ್ಲೋ ಖಾತೆ ಬೇಕು, ಎಲ್ಲಕ್ಕೂ ಮೊದಲು ವಿಳಾಸ ಬೇಕು. ಗುಡಿಯ ಮೆಟ್ಟಿಲಿಗೆ ಬಾಗಿಲ ಸಂಖ್ಯೆಯಿಲ್ಲ. ಇಂಥ ಒಬ್ಬರಿಗೆ ಈ ಕಾಗದಗಳನ್ನು ಮಾಡಿಸಿಕೊಟ್ಟವರು ನಮ್ಮ ಊರುಗಳಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ: ನಿವೃತ್ತ ಮೇಷ್ಟ್ರು, ಆಶಾ ಕಾರ್ಯಕರ್ತೆ, ಅಂಚೆಯಣ್ಣ. ಅವರ ಹತ್ತಿರ ಕೇಳಿದರೆ ಎಷ್ಟು ಸಲ ನಾಡಕಚೇರಿಗೆ ಅಲೆದೆವು ಎಂಬುದನ್ನೇ ಮೊದಲು ಹೇಳುತ್ತಾರೆ. ಬೀದಿಯಲ್ಲಿರುವವರ ಬಳಿ ಹೋಗಿ, ಈ ಅಲೆದಾಟವನ್ನು ಅವರ ಪರವಾಗಿ ಮಾಡುವವರನ್ನು ನೇಮಿಸಲು ದುಡ್ಡಿಲ್ಲ ಎನ್ನುವಂತಿಲ್ಲ. ದುಡ್ಡನ್ನು ಅದಕ್ಕೆಂದೇ ವಸೂಲಿ ಮಾಡಲಾಗುತ್ತಿದೆ.

ನಮ್ಮ ಬೀದಿಯ ಮನೆಗಳಿಂದ ಕಳೆದ ವರ್ಷ ಭಿಕ್ಷುಕರ ಕರ ಎಷ್ಟು ಬಂತು, ಅದರಲ್ಲಿ ಎಷ್ಟನ್ನು ಪರಿಹಾರ ಸಮಿತಿಗೆ ದಾಟಿಸಲಾಯಿತು, ಸಮಿತಿ ಅದರಲ್ಲಿ ಎಷ್ಟು ಜನರಿಗೆ ಏನು ಕೆಲಸ ಕಲಿಸಿತು? ಇದನ್ನು ಯಾರು ಬೇಕಾದರೂ ಕೇಳಬಹುದು. ಒಂದು ಅರ್ಜಿ ಪಾಲಿಕೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ, ಇನ್ನೊಂದು ಸಮಾಜ ಕಲ್ಯಾಣ ಇಲಾಖೆಯ ಕೇಂದ್ರ ಪರಿಹಾರ ಸಮಿತಿಗೆ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ ಹತ್ತು ರೂಪಾಯಿ.